ಇಲ್ಲದೇ ಇರೋರನ್ನ ನೋಡೋಕೆ ಹೋದ ಆರು ದಿನ

ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಪಾಠ ಮಾಡೋಳು. ಸೆಕೆಂಡ್ ಪಿಯುಸಿ ಪಠ್ಯದಲ್ಲಿ ಒಂದು ನಕ್ಷತ್ರ ಮೀನು ಬರುತ್ತೆ, ಪೈಸಾಸ್ಟರ್ ಅಂತ, ಮೂರ್ನಾಲ್ಕು ಸಾಲಲ್ಲಿ ಬಂದು ಹೋಗಿಬಿಡುತ್ತೆ. ಅಮೆರಿಕದ ಪೆಸಿಫಿಕ್ ತೀರದ ಬಂಡೆ ಮೇಲಿಂದ ಆ ನಕ್ಷತ್ರ ಮೀನನ್ನ ತೆಗೆದುಬಿಟ್ರೆ ಅಲ್ಲಿರೋ ಬೇರೆ ಜೀವಿಗಳೂ ಒಂದೊಂದಾಗಿ ಕಾಣೆಯಾಗ್ತವೆ ಅನ್ನೋದು ಪಾಠ. 20 ವರ್ಷದಿಂದ ಇದನ್ನೇ ಹೇಳ್ಕೊಂಡು ಬಂದಿದೀನಿ, ಆ ಬಂಡೆ ಹೆಂಗಿದೆ ಅಂತ ಮಾತ್ರ ನೋಡಿರ್ಲಿಲ್ಲ. ನನ್ನ ತಮ್ಮ ಸಿಯಾಟಲ್ ಹತ್ರ ಕೆಲಸದಲ್ಲಿದ್ದಾನೆ, ಈ ಜುಲೈನಲ್ಲಿ ಒಂದು ವಾರ ರಜೆ ಹಾಕಿ "ಬಾ ಅಕ್ಕ, ನಿನ್ನ ಬಂಡೆ ಹತ್ರ ಕರ್ಕೊಂಡು ಹೋಗ್ತೀನಿ" ಅಂದ. ವಾಷಿಂಗ್ಟನ್ ರಾಜ್ಯದ ವಾಯವ್ಯ ಮೂಲೇಲಿ ಒಲಿಂಪಿಕ್ ಪೆನಿನ್ಸುಲಾ ಅಂತಿದೆ, ಮೂರು ಕಡೆ ನೀರು, ನಡುವೆ ಹಿಮದ ಬೆಟ್ಟ, ಪಶ್ಚಿಮದ ಇಳಿಜಾರಲ್ಲಿ ಮಳೆಕಾಡು. ಬಂಡೆ ಒಂದನ್ನೇ ನೋಡೋಕೆ ಅಂತ ಹೊರಟಿದ್ದು, ಆದ್ರೆ ದಾರಿಯುದ್ದಕ್ಕೂ ಅದೇ ಕಥೆ ಬೇರೆ ಬೇರೆ ರೂಪದಲ್ಲಿ ಸಿಗ್ತಾ ಹೋಯ್ತು, ಅದಕ್ಕೇ ದಿನದ ಲೆಕ್ಕದಲ್ಲಿ ಬರೀತಿದೀನಿ.

ಮೊದಲನೇ ದಿನ: ಹರಿಕೇನ್ ರಿಡ್ಜ್

ಪೋರ್ಟ್ ಏಂಜಲಸ್ ಅನ್ನೋ ಊರಲ್ಲಿ ಲಗೇಜ್ ಇಟ್ಟು ಸೀದಾ ಮೇಲಕ್ಕೆ ಹತ್ತಿದ್ವಿ. ಸಮುದ್ರಮಟ್ಟದಿಂದ ಹೊರಟು ಒಂದು ಗಂಟೆ ಒಳಗೆ ಸುಮಾರು 1,600 ಮೀಟರ್ ಎತ್ತರ. ಎದುರಿಗೆ ಹಿಮದ ಶಿಖರಗಳು, ಕಾಲ ಕೆಳಗೆ ಹೂವಿನ ಹುಲ್ಲುಗಾವಲು, ಅಲ್ಲಲ್ಲಿ ಮಣ್ಣು ತೋಡಿ ಗುಡ್ಡೆ ಹಾಕಿರೋ ಬಿಲಗಳು. ಅದು ಒಲಿಂಪಿಕ್ ಮಾರ್ಮಟ್ ಮನೆ. ಅಳಿಲಿನ ಬಳಗದ್ದು, ಆದ್ರೆ ದಪ್ಪ ಬೆಕ್ಕಿನಷ್ಟು ಗಾತ್ರ, ವರ್ಷದಲ್ಲಿ ಏಳೆಂಟು ತಿಂಗಳು ಬಿಲದೊಳಗೆ ನಿದ್ದೆ ಮಾಡುತ್ತೆ, ಈ ಬೆಟ್ಟಗಳನ್ನ ಬಿಟ್ರೆ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ.

ಒಂದು ಮಾರ್ಮಟ್ ಬಂಡೆ ಮೇಲೆ ನಿಂತು ಸಿಳ್ಳೆ ಹೊಡೀತು, ಸುತ್ತ ಇದ್ದ ಎಲ್ಲ ಮಾರ್ಮಟ್‌ಗಳೂ ಒಂದೇ ಕ್ಷಣದಲ್ಲಿ ಬಿಲದ ಬಾಯಿಗೆ ಓಡಿದ್ವು. ತಮ್ಮ ಆಕಾಶ ನೋಡ್ದ, ಹದ್ದು ಇರಬಹುದು ಅಂತ. ಏನೂ ಕಾಣ್ಲಿಲ್ಲ. ನಾನು ಹುಲ್ಲಿನ ಅಂಚು ನೋಡ್ತಾ ಇದ್ದೆ, ಯಾಕಂದ್ರೆ ಹೊರಡೋ ಮುಂಚೆ ಓದ್ಕೊಂಡು ಬಂದಿದ್ದೆ: ಈ ಮಾರ್ಮಟ್‌ಗಳ ಸಂಖ್ಯೆ ಕಮ್ಮಿಯಾಗ್ತಾ ಬಂದಾಗ ಅವಕ್ಕೆ ರೇಡಿಯೋ ಟ್ಯಾಗ್ ಹಾಕಿ ಹಿಂಬಾಲಿಸಿ ನೋಡಿದ್ರು, ಅವುಗಳ ಸಾವಿಗೆ ದೊಡ್ಡ ಕಾರಣ ಕಯೋಟಿ ಅಂತ ಗೊತ್ತಾಯ್ತು. ಕಯೋಟಿ ಅಂದ್ರೆ ನಮ್ಮ ನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಚಿಕ್ಕದು. ಮುಖ್ಯವಾದ ವಿಷಯ ಏನಂದ್ರೆ ಕಯೋಟಿ ಮೊದಲು ಈ ಬೆಟ್ಟದಲ್ಲಿ ಇರ್ಲೇ ಇಲ್ಲ. ಇಲ್ಲಿದ್ದಿದ್ದು ತೋಳ. ಕೊಂದವರಿಗೆ ಬಹುಮಾನದ ದುಡ್ಡು ಕೊಟ್ಟು, ವಿಷ ಇಟ್ಟು, ಗುಂಡು ಹೊಡೆದು 1930ರ ದಶಕ ಮುಗಿಯೋ ಹೊತ್ತಿಗೆ ತೋಳಗಳನ್ನ ಪೂರ್ತಿ ಮುಗಿಸಿಬಿಟ್ರು. ತೋಳ ಇರೋ ಕಡೆ ಕಯೋಟಿಗೆ ಜಾಗ ಸಿಗೋದು ಕಷ್ಟ, ಸಿಕ್ಕಿದ್ರೆ ತೋಳ ಅದನ್ನ ಕೊಂದೇಬಿಡುತ್ತೆ. ತೋಳ ಹೋದ ಮೇಲೆ ಖಾಲಿಯಾದ ಜಾಗಕ್ಕೆ ಕಯೋಟಿ ಬಂತು, ತೋಳದ ಹಾಗೆ ಎಲ್ಕ್ ಅನ್ನೋ ದೊಡ್ಡ ಜಿಂಕೆ ಬೇಟೆಯಾಡೋ ಶಕ್ತಿ ಅದಕ್ಕಿಲ್ಲ, ಮಾರ್ಮಟ್ ಅದರ ಅಳತೆಗೆ ಸರಿಯಾಗಿ ಸಿಕ್ತು. ಅಂದ್ರೆ ಆ ಸಿಳ್ಳೆಯ ಹಿಂದೆ ಸುಮಾರು 90 ವರ್ಷದ ಹಿಂದೆ ಸತ್ತ ಒಂದು ತೋಳ ಇದೆ.

ಇನ್ನೊಂದು ಪ್ರಾಣಿನೂ ನಮಗೆ ಕಾಣ್ಲಿಲ್ಲ, ಬೆಟ್ಟದ ಮೇಕೆ. ಬಿಳೀ ಕೂದಲಿನ ಮೌಂಟನ್ ಗೋಟ್. ಇದರ ಕಥೆ ಉಲ್ಟಾ. ಅದು ಇಲ್ಲಿ ಯಾವತ್ತೂ ಇರ್ಲಿಲ್ಲ, 1920ರ ದಶಕದಲ್ಲಿ ಬೇಟೆಗೆ ಅಂತ ಹತ್ತು ಹನ್ನೆರಡು ತಂದು ಬಿಟ್ರು, ಒಂದು ಕಾಲಕ್ಕೆ ಸಾವಿರ ದಾಟಿದ್ವು. ಈ ಬೆಟ್ಟಗಳಲ್ಲಿ ಮಾತ್ರ ಇರೋ ಅಪರೂಪದ ಗಿಡಗಳನ್ನ ಮೇಯೋದು, ಹೊರಳಾಡಿ ಮಣ್ಣು ಕೀಳೋದು. ಇಲ್ಲಿ ಅವಕ್ಕೆ ನೆಕ್ಕೋಕೆ ನೈಸರ್ಗಿಕವಾದ ಉಪ್ಪಿನ ನೆಲ ಇಲ್ಲ, ಹಾಗಾಗಿ ಚಾರಣಿಗರ ಬೆವರು, ಮೂತ್ರದ ಉಪ್ಪಿಗೆ ಅಂಟ್ಕೊಂಡು ಜನರ ಹಿಂದೆ ಬರೋಕೆ ಶುರು ಮಾಡಿದ್ವು. 2018ರಿಂದ 2020ರವರೆಗೆ 300ಕ್ಕೂ ಹೆಚ್ಚು ಮೇಕೆಗಳನ್ನ ಹೆಲಿಕಾಪ್ಟರ್‌ನಲ್ಲಿ ಎತ್ಕೊಂಡು ಹೋಗಿ ಅವು ಸಹಜವಾಗಿ ಇರೋ ಕ್ಯಾಸ್ಕೇಡ್ ಬೆಟ್ಟಗಳಿಗೆ ಬಿಟ್ರು. "ಅಂದ್ರೆ ಒಬ್ಬರು ಹೋಗಿದ್ದು ತಪ್ಪು, ಇನ್ನೊಬ್ಬರು ಬಂದಿದ್ದು ತಪ್ಪು" ಅಂದ ತಮ್ಮ. ತಪ್ಪು ಸರಿ ಅನ್ನೋ ಮಾತು ಪ್ರಾಣಿಗಳಿಗೆ ಹೊಂದಲ್ಲ ಕಣೋ ಅಂದೆ, ಆದ್ರೆ ಅವನು ಲೆಕ್ಕ ಸರಿಯಾಗಿ ಹಿಡಿದಿದ್ದ.

ಎರಡನೇ ದಿನ: ಎಲ್ವಾ ನದಿ

ಬೆಳಿಗ್ಗೆ ಎಲ್ವಾ ಕಣಿವೆಗೆ. ಮ್ಯಾಡಿಸನ್ ಫಾಲ್ಸ್ ಹತ್ರ ಕಾರು ನಿಲ್ಲಿಸಿ ನಡೀಬೇಕು, ಮುಂದಿನ ರಸ್ತೆನ ನದಿ ಕೊಚ್ಕೊಂಡು ಹೋಗಿದೆ. ಹೋಗ್ತಾ ಬರ್ತಾ 11 ಕಿಲೋಮೀಟರ್ ಆಗುತ್ತೆ, ನಡಿಗೆ ಸುಲಭ.

ಈ ನದಿಗೆ ಎರಡು ಡ್ಯಾಂ ಇದ್ವು. ಕೆಳಗಿನದು ಎಲ್ವಾ ಡ್ಯಾಂ, 1913ರದ್ದು, 33 ಮೀಟರ್ ಎತ್ತರ, ಸಮುದ್ರದಿಂದ ಬರೀ 8 ಕಿಲೋಮೀಟರ್ ದೂರದಲ್ಲಿ. ಮೇಲಿನದು ಗ್ಲೈನ್ಸ್ ಕ್ಯಾನಿಯನ್, 1927ರದ್ದು, 64 ಮೀಟರ್. ಮೀನು ಹತ್ತೋಕೆ ಎರಡರಲ್ಲೂ ದಾರಿ ಬಿಟ್ಟಿರ್ಲಿಲ್ಲ. ಸಾಲ್ಮನ್ ಹುಟ್ಟೋದು ನದೀಲಿ, ಬೆಳೆಯೋದು ಸಮುದ್ರದಲ್ಲಿ, ಮೊಟ್ಟೆ ಇಡೋಕೆ ಮತ್ತೆ ಹುಟ್ಟಿದ ನದಿಗೇ ವಾಪಸ್ ಬಂದು ಅಲ್ಲೇ ಸಾಯುತ್ತೆ. 1913ರ ನಂತರ ಬಂದ ಸಾಲ್ಮನ್‌ಗೆ ಎಂಟು ಕಿಲೋಮೀಟರ್ ಆದ ತಕ್ಷಣ ಗೋಡೆ. ಅದರ ಮೇಲೆ 110 ಕಿಲೋಮೀಟರಿಗೂ ಹೆಚ್ಚು ನದಿ, ತೊರೆ ಖಾಲಿ. ಆ ಕಣಿವೆಯ ಲೋವರ್ ಎಲ್ವಾ ಕ್ಲಾಲಮ್ ಬುಡಕಟ್ಟಿನವರು ಈ ಡ್ಯಾಂ ತೆಗೀಬೇಕು ಅಂತ ದಶಕಗಟ್ಟಲೆ ಹೋರಾಡಿದ್ರು, 1992ರಲ್ಲಿ ಕಾನೂನು ಆಯ್ತು, 2011ರ ಸೆಪ್ಟೆಂಬರಲ್ಲಿ ಒಡೆಯೋಕೆ ಶುರು ಮಾಡಿ 2014ರಲ್ಲಿ ಮುಗಿಸಿದ್ರು.

ಒಂದು ಮೀನು ಬರೋದು ನಿಂತ್ರೆ ಏನು ಮಹಾ ಅಂತ ಅನ್ಸಬಹುದು. ಆದ್ರೆ ಸಾಲ್ಮನ್ ತನ್ನ ಮೈಯಲ್ಲಿ ಸಮುದ್ರವನ್ನ ಹೊತ್ಕೊಂಡು ಬರುತ್ತೆ. ಅದರ ತೂಕದ ಬಹುಪಾಲು ಸಮುದ್ರದಲ್ಲಿ ತಿಂದು ಬೆಳೆಸಿದ್ದು, ಅದೆಲ್ಲ ಬೆಟ್ಟದ ಮೇಲೆ ಬಂದು ಕೊಳೆಯುತ್ತೆ. ಕರಡಿ ದಡಕ್ಕೆ ಎಳೆದು ಅರ್ಧ ತಿಂದು ಬಿಡುತ್ತೆ, ಉಳಿದಿದ್ದು ಹುಳಕ್ಕೆ, ಹುಳದಿಂದ ಹಕ್ಕಿಗೆ, ಮಣ್ಣಿಗೆ, ಮಣ್ಣಿಂದ ಮರಕ್ಕೆ. ಸಮುದ್ರದ ಸಾರಜನಕದಲ್ಲಿ ನೈಟ್ರೋಜನ್-15 ಅನ್ನೋ ಭಾರದ ರೂಪ ಸ್ವಲ್ಪ ಜಾಸ್ತಿ ಇರುತ್ತೆ, ಸಾಲ್ಮನ್ ಹತ್ತೋ ನದಿಗಳ ದಡದ ಮರದ ಎಲೇಲಿ ಅದೇ ಗುರುತು ಸಿಕ್ಕಿದೆ. ವಾಷಿಂಗ್ಟನ್, ಒರೆಗಾನ್ ಎರಡೂ ರಾಜ್ಯ ಸೇರಿ ಸಾಲ್ಮನ್ ಜೊತೆ ಒಂದಲ್ಲ ಒಂದು ರೀತಿ ನಂಟಿರೋ ಪ್ರಾಣಿಪಕ್ಷಿಗಳನ್ನ ಪಟ್ಟಿ ಮಾಡಿದಾಗ 130ಕ್ಕೂ ಹೆಚ್ಚು ಜಾತಿ ಆಯ್ತು.

ನಮಗೆ ಸಿಕ್ಕಿದ್ದು ಅದರಲ್ಲಿ ಒಂದು, ಡಿಪ್ಪರ್. ಬೂದು ಬಣ್ಣದ ಗುಂಡು ಗುಂಡಾದ ಪುಟ್ಟ ಹಕ್ಕಿ, ಕಲ್ಲಿನ ಮೇಲೆ ಕೂತು ಮಂಡಿ ಬಗ್ಗಿಸಿ ಏಳೋ ಥರ ಮೈ ಕುಣಿಸ್ತಾ ಇತ್ತು, ಆಮೇಲೆ ಆ ಕೊರೆಯೋ ನೀರೊಳಗೆ ಸೀದಾ ನಡ್ಕೊಂಡೇ ಹೋಯ್ತು! ತಳದ ಕಲ್ಲು ಕೆದಕಿ ಹುಳ ಹಿಡಿದು ಮತ್ತೆ ಮೇಲೆ ಬಂತು. ಇದೇ ಎಲ್ವಾ ನದಿಯ ಡಿಪ್ಪರ್‌ಗಳ ಮೇಲೆ ಅಧ್ಯಯನ ಆಗಿದೆ, ಸಾಲ್ಮನ್ ಬರೋ ಭಾಗದ ಹೆಣ್ಣು ಹಕ್ಕಿಗಳು ಬಾರದ ಭಾಗದವಕ್ಕಿಂತ ಮೈಕಟ್ಟಲ್ಲಿ ಚೆನ್ನಾಗಿದ್ವು, ಒಂದೇ ವರ್ಷದಲ್ಲಿ ಎರಡು ಸಲ ಗೂಡು ಕಟ್ಟೋ ಸಾಧ್ಯತೆ ಹೆಚ್ಚಿತ್ತು, ಹೆಚ್ಚು ಬದುಕ್ತಿದ್ವು. ಡ್ಯಾಂ ಕಟ್ಟಿದವರ ಲೆಕ್ಕದಲ್ಲಿ ಈ ಹಕ್ಕಿ ಬಂದೇ ಇರಲ್ಲ.

ಗ್ಲೈನ್ಸ್ ಡ್ಯಾಂ ಇದ್ದ ಜಾಗದಲ್ಲಿ ಈಗ ಗೋಡೆಯ ಎರಡು ತುದಿ ಮಾತ್ರ ಉಳಿದಿದೆ, ನಡುವೆ ಆಳದಲ್ಲಿ ನದಿ. ಅಲ್ಲಿ ನಿಂತು ಮೇಲ್ಗಡೆ ನೋಡಿದ್ರೆ ಕೆರೆ ತಳ ಆಗಿದ್ದ ದೊಡ್ಡ ಬಯಲು ಹಸಿರಾಗಿದೆ. ನೀರು ಬಸಿದು ಹೋದಾಗ ಅದು ಬರೀ ಮರಳು, ಜಲ್ಲಿ, ಹೂಳು. ಅಂಥ ಕಡೆ ಮೊದಲು ದಟ್ಟವಾಗಿ ಹಬ್ಬಿದ್ದು ಲ್ಯುಪಿನ್, ನೀಲಿ ಹೂವಿನ ಗಿಡ, ನಮ್ಮ ಹುರುಳಿ ಅವರೆ ಥರದ್ದೇ ಕುಟುಂಬ. ಬೇರಿನ ಗಂಟಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುತ್ತೆ, ಹಾಗಾಗಿ ಬರಡು ಮರಳಲ್ಲೂ ಬೆಳೆದು ಹಿಂದೆ ಬರೋರಿಗೆ ಮಣ್ಣು ಮಾಡಿಟ್ಟು ಹೋಗುತ್ತೆ. ಅಡ್ಡ ಬಿದ್ದಿರೋ ದೊಡ್ಡ ದಿಮ್ಮಿಗಳ ಸಂದಿಯಲ್ಲಿ ಸಸಿಗಳಿಗೆ ಗಾಳಿ ಬಿಸಿಲಿಂದ ಸ್ವಲ್ಪ ಮರೆ, ದಿಮ್ಮಿ ಮೇಲೆ ಕೂರೋ ಹಕ್ಕಿಗಳು ಹಿಕ್ಕೆ ಜೊತೆ ಬೀಜ ಉದುರಿಸಿ ಹೋಗ್ತವೆ. ತುಂಬಾ ಹೊತ್ತು ಅಲ್ಲೇ ಕೂತ್ವಿ. ಹೊಸದಾಗಿ ಒಂದು ಸಮುದಾಯ ಕಟ್ಕೊಳ್ತಾ ಇರೋದನ್ನ ಹೀಗೆ ಕಣ್ಣಾರೆ ನೋಡೋದು ಜೀವನದಲ್ಲಿ ಎಷ್ಟು ಸಲ ಸಿಗುತ್ತೆ.

ಮೂರನೇ ದಿನ: ಕೇಪ್ ಫ್ಲಾಟರಿ

ಪಶ್ಚಿಮಕ್ಕೆ ಎರಡು ಗಂಟೆ ಡ್ರೈವ್, ನೀಯಾ ಬೇ. ಇದು ಮಕಾ ಬುಡಕಟ್ಟಿನ ನೆಲ, ಅವರ ಪರ್ಮಿಟ್ ತಗೊಂಡೇ ಸಮುದ್ರದ ಕಡೆ ಹೋಗಬೇಕು. ಕಾಡೊಳಗೆ ಮರದ ಹಲಗೆ ಹಾಸಿದ ದಾರೀಲಿ ಒಂದೂಕಾಲು ಕಿಲೋಮೀಟರ್ ನಡೆದ್ರೆ ಇದ್ದಕ್ಕಿದ್ದಂಗೆ ನೆಲ ಮುಗಿಯುತ್ತೆ. ಅಲಾಸ್ಕ ಬಿಟ್ಟು ಅಮೆರಿಕದ ಮುಖ್ಯ ಭೂಭಾಗದ ವಾಯವ್ಯದ ಕಟ್ಟಕಡೆಯ ತುದಿ ಇದು. ಎದುರಿಗೆ ಒಂದು ಕಿಲೋಮೀಟರ್ ಆಚೆ ಲೈಟ್‌ಹೌಸ್ ಇರೋ ದ್ವೀಪ, ಟಟೂಷ್.

ಈ ದ್ವೀಪದ ಹೆಸರು ಇಕಾಲಜಿ ಓದಿದವರಿಗೆ ಪುಣ್ಯಕ್ಷೇತ್ರದ ಹೆಸರಿದ್ದ ಹಾಗೆ. ವಾಷಿಂಗ್ಟನ್ ಯೂನಿವರ್ಸಿಟಿಯ ರಾಬರ್ಟ್ ಪೇನ್, ನಮ್ಮ ಪಾಠದ ಆ ನಕ್ಷತ್ರ ಮೀನಿನ ಪ್ರಯೋಗ ಮಾಡಿದವರು, 1960ರ ದಶಕದ ಕೊನೆಯಿಂದ ಮಕಾ ಜನರ ಅನುಮತಿ ತಗೊಂಡು ದಶಕಗಳ ಕಾಲ ಇಲ್ಲಿ ಕೆಲಸ ಮಾಡಿದ್ರು. ಅವರ ಹಿಂದೆ ಶಿಷ್ಯರು, ಶಿಷ್ಯರ ಶಿಷ್ಯರು. ನಮಗೆ ದ್ವೀಪಕ್ಕೆ ಹೋಗೋಕಾಗಲ್ಲ, ಬೈನಾಕ್ಯುಲರ್ ಹಿಡಿದು ನೋಡಿದ್ವಿ. ಬಂಡೆ ಅಂಚಲ್ಲಿ ಸಾಲಾಗಿ ಕಪ್ಪು ಬಿಳುಪು ಮರ್ ಹಕ್ಕಿಗಳು, ಮೇಲೆ ಸೀಗಲ್, ಒಂದು ಬೋಳು ಹದ್ದು. ಜೂಲಿಯಾ ಪ್ಯಾರಿಷ್ ಅನ್ನೋ ವಿಜ್ಞಾನಿ ಇದೇ ದ್ವೀಪದಲ್ಲಿ ನೋಡಿ ಹೇಳಿದ್ದು: ಹದ್ದು ಹಿಡಿದು ತಿನ್ನೋ ಮರ್ ಕಮ್ಮಿ, ಆದ್ರೆ ಹದ್ದಿನ ನೆರಳು ಕಂಡ್ರೆ ಇಡೀ ಕಾಲನಿ ಹೆದರಿ ಏಳುತ್ತೆ, ಮೊಟ್ಟೆಗಳು ಬಯಲಲ್ಲಿ ಬೀಳ್ತವೆ, ಆ ಒಂದು ನಿಮಿಷದಲ್ಲಿ ಸೀಗಲ್ಲು, ಕಾಗೆ ನುಗ್ಗಿ ಮೊಟ್ಟೆ ಎತ್ಕೊಂಡು ಹೋಗ್ತವೆ. ಹದ್ದು ಸೀಗಲ್ ಎರಡಕ್ಕೂ ನೇರ ಸಂಬಂಧ ಏನಿಲ್ಲ, ಆದ್ರೂ ಹದ್ದು ಬಾಗಿಲು ತೆಗೆದುಕೊಟ್ಟ ಹಾಗೆ ಆಗುತ್ತೆ. ನಾನು ಬೋರ್ಡ್ ಮೇಲೆ ಯಾವಾಗ್ಲೂ ಎರಡು ಜೀವಿ ನಡುವೆ ಒಂದು ಬಾಣ ಎಳೆದು ಲಾಭಕ್ಕೆ ಪ್ಲಸ್ಸು, ನಷ್ಟಕ್ಕೆ ಮೈನಸ್ಸು ಹಾಕ್ತೀನಿ. ಮೂರನೇದನ್ನ ಬರೀದೇ ಹೋದ್ರೆ ಆ ಬಾಣ ಏನೂ ಹೇಳಲ್ಲ ಅಂತ ಅಲ್ಲಿ ನಿಂತಾಗ ಅನ್ನಿಸ್ತು.

ಕೆಳಗೆ ನೀರಲ್ಲಿ ಕಂದು ಹಗ್ಗದ ಥರ ತೇಲ್ತಾ ಇದ್ದಿದ್ದು ಕೆಲ್ಪ್, ಸಮುದ್ರದ ಕಾಡು. ಅದರ ನಡುವೆ ಬೆನ್ನ ಮೇಲೆ ಮಲಗಿದ ಒಂದು ತಲೆ ಕಾಣ್ತು. "ಸೀಲ್ ಅಲ್ವಾ?" ಅಂದ ತಮ್ಮ. ಅಲ್ಲ, ಎದೆ ಮೇಲೆ ಏನೋ ಇಟ್ಕೊಂಡು ಕುಟ್ಟುತ್ತಿತ್ತು. ಕಡಲ ನೀರುನಾಯಿ! ಕೈ ನಡುಗಿ ಬೈನಾಕ್ಯುಲರ್ ಹಿಡಿಯೋಕಾಗ್ಲಿಲ್ಲ ನಂಗೆ. ಇದರ ತುಪ್ಪಳ ಪ್ರಾಣಿಗಳಲ್ಲೇ ಅತಿ ದಟ್ಟ, ಅದಕ್ಕೋಸ್ಕರ ಬೇಟೆಯಾಡಿ 1910ರ ಆಸುಪಾಸಲ್ಲಿ ವಾಷಿಂಗ್ಟನ್ ತೀರದಲ್ಲಿ ಒಂದೂ ಇಲ್ಲದ ಹಾಗೆ ಮಾಡಿದ್ರು. ಈಗ ಇರೋವೆಲ್ಲ 1969, 1970ರಲ್ಲಿ ಅಲಾಸ್ಕದ ಆಮ್ಚಿಟ್ಕ ದ್ವೀಪದಿಂದ ತಂದು ಬಿಟ್ಟ 59 ನೀರುನಾಯಿಗಳ ಸಂತಾನ, ಅವುಗಳಲ್ಲೂ ಎಷ್ಟೋ ಮೊದಲೇ ಸತ್ತುಹೋದ್ವು.

ಆಮ್ಚಿಟ್ಕದ ಕಥೇನೂ ಪೇನ್‌ಗೇ ಬಂದು ಸೇರುತ್ತೆ. 1971ರಲ್ಲಿ ಜಿಮ್ ಎಸ್ಟಿಸ್ ಅನ್ನೋ ಹುಡುಗ ಅಲ್ಲಿ ನೀರುನಾಯಿ ಮೇಲೆ ಕೆಲಸ ಮಾಡ್ತಾ ಇದ್ರು, ಕೆಲ್ಪ್ ಕಾಡು ನೀರುನಾಯಿಯನ್ನ ಹೆಂಗೆ ಸಾಕುತ್ತೆ ಅಂತ ಯೋಚನೆ ಮಾಡ್ತಿದ್ರು. ಅಲ್ಲಿಗೆ ಬಂದ ಪೇನ್, ಪ್ರಶ್ನೇನ ತಿರುಗಿಸಿ ನೋಡು, ನೀರುನಾಯಿ ಕಾಡಿಗೆ ಏನು ಮಾಡ್ತಿದೆ ಅಂತ ಕೇಳು ಅನ್ನೋ ದಾರಿ ತೋರಿಸಿದ್ರು. ಎಸ್ಟಿಸ್ ನೀರುನಾಯಿ ಇಲ್ಲದ ದ್ವೀಪಕ್ಕೆ ಹೋಗಿ ನೀರೊಳಗೆ ತಲೆ ಹಾಕಿದ್ರೆ ಕಾಡೇ ಇಲ್ಲ, ನೆಲದ ತುಂಬಾ ಅರ್ಚಿನ್, ಮುಳ್ಳಿನ ಉಂಡೆ ಥರದ ಪ್ರಾಣಿ, ಅದು ಕೆಲ್ಪ್ ಮೆದ್ದು ಮುಗಿಸಿದೆ. ನೀರುನಾಯಿ ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ತಿನ್ನುತ್ತೆ, ಅರ್ಚಿನ್ ಅಂದ್ರೆ ಪ್ರಾಣ. ಅದು ಇದ್ರೆ ಅರ್ಚಿನ್ ಹತೋಟೀಲಿ, ಕೆಲ್ಪ್ ಎದ್ದು ನಿಲ್ಲುತ್ತೆ, ಮೀನಿಗೆ ನೆಲೆ ಸಿಗುತ್ತೆ. 1974ರಲ್ಲಿ ಈ ಲೇಖನ ಬಂತು, ಇವತ್ತಿಗೂ ನಾನು ಪಾಠದಲ್ಲಿ ಹೇಳೋದು ಇದನ್ನೇ.

ನಾಲ್ಕನೇ ದಿನ: ಬಂಡೆ

ಬೇಸಿಗೇಲಿ ಇಲ್ಲಿ ದೊಡ್ಡ ಇಳಿತ ಬರೋದು ಬೆಳಗಿನ ಜಾವ. ಟೈಡ್ ಟೇಬಲ್ ನೋಡಿ ನಾಲ್ಕೂವರೆಗೆ ಎದ್ದು, ಮಂಜು ಮುಸುಕಿದ ಮಕಾ ಬೇಗೆ ಹೋದ್ವಿ. ಹಳೇ ಲೇಖನಗಳಲ್ಲಿ ಮುಕ್ಕಾ ಬೇ ಅಂತ ಇರೋದು ಇದೇ. 1963ರಲ್ಲಿ ಪೇನ್ ಇಲ್ಲಿ ಸುಮಾರು 8 ಮೀಟರ್ ಉದ್ದ, 2 ಮೀಟರ್ ಎತ್ತರದ ಬಂಡೆ ಪಟ್ಟಿ ಆರಿಸ್ಕೊಂಡು ಅಲ್ಲಿದ್ದ ನಕ್ಷತ್ರ ಮೀನನ್ನೆಲ್ಲ ಕಿತ್ತು ಸಮುದ್ರಕ್ಕೆ ಎಸೆದ್ರು, ಮತ್ತೆ ಬಂದು ಬಂದು ಎಸೀತಾನೇ ಇದ್ರು, ಪಕ್ಕದ ಪಟ್ಟಿಯನ್ನ ಹಾಗೇ ಬಿಟ್ರು. ಅವರ ಪಟ್ಟಿ ಯಾವುದು ಅಂತ ನಂಗೆ ಗೊತ್ತಾಗೋಕೆ ಸಾಧ್ಯ ಇರ್ಲಿಲ್ಲ, ಬೇಕೂ ಇರ್ಲಿಲ್ಲ. ಆ ಕೊಲ್ಲಿಯ ಬಂಡೆ ಮುಟ್ಟಿದ್ರೆ ಸಾಕಾಗಿತ್ತು.

ನೀರು ಇಳಿದಾಗ ಬಂಡೆ ಮೇಲೆ ಗೆರೆ ಎಳೆದ ಹಾಗೆ ಪಟ್ಟೆ ಪಟ್ಟೆ. ಮೇಲೆ ಬೂದು ಬಿಳಿ ಬಾರ್ನಕಲ್, ಬಂಡೆಗೆ ಅಂಟ್ಕೊಂಡೇ ಬದುಕೋ ಚಿಪ್ಪಿನ ಪುಟ್ಟ ಪ್ರಾಣಿ, ಕೆಳಗೆ ಕಪ್ಪು ನೀಲಿ ಮಸ್ಸೆಲ್ ಚಿಪ್ಪುಗಳ ಅಗಲವಾದ ಕಂಬಳಿ, ಅದರ ಕೆಳಗಿನ ಅಂಚು ಎಷ್ಟು ಚೊಕ್ಕ ಅಂದ್ರೆ ಯಾರೋ ಕತ್ತರಿ ಹಾಕಿದಾರೆ ಅನ್ನಿಸ್ಬೇಕು, ಆಮೇಲೆ ಪಾಚಿ, ಅನಿಮೋನಿ, ಸ್ಪಂಜು, ಬಸವನಹುಳು, ಎಲ್ಲಾ ಕಲಸಿದ ಬಣ್ಣದ ಪಟ್ಟೆ. ತಮ್ಮ ಮಂಡಿಯೂರಿ ಕೇಳ್ದ, "ಈ ಚಿಪ್ಪು ಇಲ್ಲಿಗೇ ಯಾಕೆ ನಿಂತುಬಿಟ್ಟಿದೆ ಅಕ್ಕ, ಕೆಳಗೆ ನೀರು ಜಾಸ್ತಿ ಸಿಗುತ್ತಲ್ಲ?" ಇದೇ ಪ್ರಶ್ನೆ ಬೇಕಿತ್ತು ನಂಗೆ. ಟಾರ್ಚ್ ಹಿಡಿದು ಅಂಚಿನ ಕೆಳಗಿನ ಬಿರುಕು ತೋರಿಸ್ದೆ. ಅಲ್ಲಿದ್ವು ಅವು, ನೇರಳೆ ಬಣ್ಣದ್ದು ಮೂರು, ಕಿತ್ತಳೆ ಒಂದು, ಒಂದರ ಮೇಲೊಂದು ಕೈ ಹಾಕ್ಕೊಂಡು. ಪೈಸಾಸ್ಟರ್! 20 ವರ್ಷ ಚಾಕ್‌ಪೀಸಲ್ಲಿ ಐದು ಕೋನ ಬರೆದಿದ್ದೆ, ಅದರ ಮೈ ಮೇಲೆ ಬಿಳೀ ಚುಕ್ಕಿಯ ಬಲೆ ಇಷ್ಟು ಚೆಂದ ಇರುತ್ತೆ ಅಂತ ಬರೆದಿರ್ಲಿಲ್ಲ. ಕಣ್ಣಲ್ಲಿ ನೀರು ಬಂತು, ಸುಮ್ನೆ ಹೇಳ್ತಿಲ್ಲ.

ಒಂದು ನಕ್ಷತ್ರ ಮಸ್ಸೆಲ್ ಮೇಲೆ ಗೂನು ಬೆನ್ನು ಮಾಡ್ಕೊಂಡು ಕೂತಿತ್ತು. ಅದರ ಊಟದ ರೀತಿ ಹೀಗೆ: ನೂರಾರು ಕೊಳವೆ ಕಾಲಲ್ಲಿ ಚಿಪ್ಪಿನ ಎರಡು ಭಾಗ ಹಿಡಿದು ಎಳೀತಾ ಇರುತ್ತೆ, ಕೂದಲೆಳೆಯಷ್ಟು ಸಂದು ಸಿಕ್ಕಿದ್ರೂ ಸಾಕು, ತನ್ನ ಹೊಟ್ಟೆಯನ್ನೇ ಹೊರಗೆ ತೆಗೆದು ಒಳಗೆ ತೂರಿಸಿ ಅಲ್ಲೇ ಜೀರ್ಣ ಮಾಡ್ಕೊಳ್ಳುತ್ತೆ. ಆದ್ರೆ ನೀರಿಂದ ಹೊರಗೆ ತುಂಬಾ ಹೊತ್ತು ಇರೋಕಾಗಲ್ಲ. ಹಾಗಾಗಿ ಮಸ್ಸೆಲ್‌ಗೆ ಮೇಲೆ ಬಿಸಿಲಿನ ಗೆರೆ, ಕೆಳಗೆ ನಕ್ಷತ್ರದ ಗೆರೆ. ಸ್ಕಾಟ್ಲೆಂಡಲ್ಲಿ ಜೋಸೆಫ್ ಕಾನೆಲ್ ಬಾರ್ನಕಲ್‌ಗಳಲ್ಲಿ ತೋರಿಸಿದ್ದೂ ಇಂಥದ್ದೇ ಗೆರೆ, 1961ರಲ್ಲಿ, ಅಲ್ಲಿ ಕೆಳಗಿನ ಗೆರೆ ಎಳೀತಿದ್ದಿದ್ದು ಬೇಟೆಗಾರ ಅಲ್ಲ, ಜಾಗಕ್ಕೆ ಜಗಳ ಆಡೋ ಇನ್ನೊಂದು ಬಾರ್ನಕಲ್. ಇವೆರಡೂ ನಮ್ಮ ಪಠ್ಯದಲ್ಲಿ ಅಕ್ಕಪಕ್ಕದ ಪುಟದಲ್ಲೇ ಇದಾವೆ. ಬಂಡೆ ಮುಂದೆ ನಿಂತಾಗ್ಲೇ ಎರಡೂ ಒಂದೇ ಪ್ರಶ್ನೆಗೆ ಎರಡು ಉತ್ತರ ಅಂತ ಗೊತ್ತಾಗೋದು.

ಪೇನ್ ಎಸೆದ ಪಟ್ಟೀಲಿ ಏನಾಯ್ತು? ಮೊದಲು ಬಾರ್ನಕಲ್ ಮುತ್ಕೊಂಡ್ವು, ಆಮೇಲೆ ಮಸ್ಸೆಲ್ ಕೆಳಗೆ ಇಳೀತಾ ಬಂದು ಅವನ್ನೂ ಒತ್ತಿ ಹಾಕ್ತು. 15 ಜಾತಿ ಇದ್ದಿದ್ದು 8ಕ್ಕೆ ಇಳೀತು. 1966ರಲ್ಲಿ ಇದನ್ನ ಬರೆದ್ರು, 1969ರಲ್ಲಿ ಕೀಸ್ಟೋನ್ ಅನ್ನೋ ಹೆಸರು ಕೊಟ್ರು, ಕಲ್ಲಿನ ಕಮಾನಿನ ನೆತ್ತೀಲಿರೋ ಕಲ್ಲು, ಅದನ್ನ ಕಿತ್ರೆ ಉಳಿದವು ನಿಲ್ಲಲ್ಲ. ನಕ್ಷತ್ರ ಮೀನು ಬಂಡೆ ಮೇಲೆ ಅಂಥಾ ದೊಡ್ಡ ಸಂಖ್ಯೇಲೇನೂ ಇಲ್ಲ, ಅದು ಮಾಡೋ ಕೆಲಸ ದೊಡ್ಡದು: ಜಾಗದ ಜಗಳದಲ್ಲಿ ಗೆಲ್ಲೋನನ್ನ ತಿಂದು ಸೋಲೋರಿಗೆ ಜಾಗ ಬಿಡಿಸಿಕೊಡುತ್ತೆ. ಇಲ್ಲಿ ಒಂದು ಮಾತು ನಾನು ಇಷ್ಟು ವರ್ಷ ಮಕ್ಕಳಿಗೆ ಹೇಳಿರ್ಲಿಲ್ಲ, ಇನ್ಮೇಲೆ ಹೇಳ್ತೀನಿ. ಆ 15, 8 ಅನ್ನೋದು ಬಂಡೆಯ ಮೈ ಮೇಲೆ ಕಾಣೋ ಜೀವಿಗಳ ಲೆಕ್ಕ. ಮಸ್ಸೆಲ್ ಕಂಬಳಿ ಒಳಗೆ, ಚಿಪ್ಪು ಚಿಪ್ಪಿನ ಸಂದೀಲಿ, ಹುಳ, ಏಡಿಮರಿ, ಸಣ್ಣ ಬಸವನಹುಳು ಅಂತ ನೂರಾರು ಜಾತಿ ಬದುಕ್ತವೆ. ಅಂದ್ರೆ ಮಸ್ಸೆಲ್ ಬರೀ ದೌರ್ಜನ್ಯ ಮಾಡೋ ವಿಲನ್ ಅಲ್ಲ, ಒಬ್ಬರ ಜಾಗ ಕಿತ್ಕೊಂಡು ಇನ್ನೊಬ್ಬರಿಗೆ ಮನೆ ಕೊಡುತ್ತೆ. ನೀವು ಯಾರನ್ನ ಎಣಿಸ್ತೀರ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ಇನ್ನೊಂದು ಬಂಡೆ ಮೇಲೆ ಅನಿಮೋನಿಗಳ ಹಾಸು ಇತ್ತು, ಹಸಿರು ಹೂವಿನ ಹಾಗೆ, ಆ ಹಸಿರು ಅವುಗಳ ಮೈಯೊಳಗೆ ಬಾಳೋ ಪಾಚಿಯದ್ದು, ಪಾಚಿ ಬಿಸಿಲಲ್ಲಿ ಸಕ್ಕರೆ ಮಾಡಿ ಕೊಡುತ್ತೆ ಅನಿಮೋನಿ ಮನೆ ಕೊಡುತ್ತೆ. ಹಾಸಿನ ನಡುವೆ ಬೆರಳಗಲದ ಖಾಲಿ ದಾರಿ. ತಮ್ಮ ಅದರ ಮೇಲೆ ಕಾಲಿಡೋಕೆ ಹೋದ, ತಡೆದೆ. ಅದು ಗಡಿ. ಆ ಕಡೆ ಒಂದು ಅನಿಮೋನಿ ಸೀಳಿ ಸೀಳಿ ಆದ ಒಂದೇ ವಂಶ, ಈ ಕಡೆ ಬೇರೆ ವಂಶ, ಅಂಚಿನವು ಎದುರು ಬದುರಾದ್ರೆ ಬಿಳೀ ತುದಿಯ ವಿಷದ ಗಂಟು ಉಬ್ಬಿಸಿ ಒಬ್ಬರಿಗೊಬ್ಬರು ಕುಟುಕ್ತವೆ. ಒಂದೇ ಪ್ರಾಣಿ, ಮೈಯೊಳಗೆ ಅಷ್ಟು ಗಾಢವಾದ ಸ್ನೇಹ, ಮೈ ಹೊರಗೆ ಇಂಥಾ ಯುದ್ಧ.

ಎರಡು ಗಂಟೇಲಿ 41 ನಕ್ಷತ್ರ ಎಣಿಸಿದ್ವಿ, ಅಂಗೈಗಿಂತ ಚಿಕ್ಕವೂ ಇದ್ವು. ಖುಷಿ ಪಡೋ ವಿಷಯ, ಯಾಕಂದ್ರೆ 2013ರ ಜೂನಲ್ಲಿ ಇದೇ ಒಲಿಂಪಿಕ್ ತೀರದಲ್ಲಿ ಮೊದಲು ಕಂಡ ಒಂದು ರೋಗ ಅಲಾಸ್ಕದಿಂದ ಮೆಕ್ಸಿಕೋವರೆಗೆ ನಕ್ಷತ್ರಗಳನ್ನ ಕರಗಿಸಿಬಿಟ್ಟಿತ್ತು. ಕೈ ಉದುರಿ, ಮೈ ಲೋಳೆಯಾಗಿ, ಕೆಲವೇ ದಿನದಲ್ಲಿ ಸಾವು. ಪೇನ್ ಕೈಯಲ್ಲಿ ಎಸೆದಿದ್ದನ್ನ ರೋಗ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಮಾಡ್ತು. ಈ ಬಂಡೆಯ ನಕ್ಷತ್ರಗಳು ವಾಪಸ್ ಬರ್ತಿದಾವೆ. ಬರದೇ ಇರೋದು ಸೂರ್ಯಕಾಂತಿ ನಕ್ಷತ್ರ, 24ರವರೆಗೆ ಕೈಗಳಿದ್ದ, ಒಂದು ಮೀಟರ್ ಅಗಲ ಬೆಳೀತಿದ್ದ ಅರ್ಚಿನ್ ಬೇಟೆಗಾರ. ಶೇಕಡ 90ಕ್ಕೂ ಹೆಚ್ಚು ಹೋಯ್ತು. ಅದರ ಜೊತೆಗೇ ಸಮುದ್ರ ಬಿಸಿಯಾದ ವರ್ಷಗಳೂ ಬಂದು ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಅರ್ಚಿನ್ ಮಿತಿಮೀರಿ ಕೆಲ್ಪ್ ಕಾಡು ಶೇಕಡ 90ಕ್ಕಿಂತ ಜಾಸ್ತಿ ನಾಶ ಆಯ್ತು. ಕಾರಣ ಹುಡುಕೋಕೆ ಹತ್ತು ವರ್ಷದ ಮೇಲೆ ಹಿಡೀತು, 2025ರಲ್ಲಿ ವಿಬ್ರಿಯೋ ಪೆಕ್ಟೆನಿಸಿಡ ಅನ್ನೋ ಬ್ಯಾಕ್ಟೀರಿಯಾ ಅಂತ ಪ್ರಕಟ ಆಯ್ತು. ಕಾಲರಾ ತರೋ ಬ್ಯಾಕ್ಟೀರಿಯಾದ ಬಳಗ. ಕಣ್ಣಿಗೆ ಕಾಣದ ಒಂದು ಜೀವಿ ಇಡೀ ಸಮುದ್ರಕಾಡನ್ನ ಅಲ್ಲಾಡಿಸ್ತು, ನಡುವಿನ ಒಂದೇ ಒಂದು ಕೊಂಡಿ ಕಳಚಿ.

ನೀರು ಏರೋಕೆ ಶುರುವಾಯ್ತು. ತಿರುಗಿಸಿದ ಕಲ್ಲನ್ನೆಲ್ಲ ಇದ್ದ ಮಗ್ಗುಲಿಗೇ ವಾಪಸ್ ಇಟ್ಟು ಬಂದ್ವಿ.

ಐದನೇ ದಿನ: ರಿಯಾಲ್ಟೊ ಬೀಚ್

ಮಳೆ, ಗಾಳಿ, ಹೆಚ್ಚು ಹೊತ್ತು ಇರೋಕಾಗ್ಲಿಲ್ಲ. ದಡದಲ್ಲಿ ಮನೆಯಷ್ಟು ದಪ್ಪದ ದಿಮ್ಮಿಗಳ ರಾಶಿ, ನದಿಗಳು ಕಾಡಿಂದ ತಂದು ಸಮುದ್ರಕ್ಕೆ ಹಾಕಿದ್ದನ್ನ ಅಲೆ ವಾಪಸ್ ಎಸೆದಿದ್ದು. ಅಲೆ ಜೋರಾಗಿ ಹೊಡೆಯೋ ಒಂದು ಬಂಡೆ ಮೇಲೆ ಮಸ್ಸೆಲ್ ನಡುವೆ ಪುಟ್ಟ ಪುಟ್ಟ ತಾಳೆಮರದ ತೋಪಿನ ಹಾಗೆ ಸೀ ಪಾಮ್ ಪಾಚಿ, ಅಲೆ ಬಂದಾಗ ಪೂರ್ತಿ ಬಗ್ಗಿ ಮತ್ತೆ ಏಳ್ತಿದ್ವು. ಇದು ಬದುಕೋದೇ ಅಲೆ ಮಸ್ಸೆಲ್ ಕಂಬಳಿ ಹರಿದು ಬಂಡೆ ಖಾಲಿ ಮಾಡಿದ ಕಡೆ, ಅಲೆ ಕಮ್ಮಿ ಇರೋ ಬಂಡೇಲಿ ಮಸ್ಸೆಲ್ ಇದನ್ನ ಉಳಿಸಲ್ಲ. ಇದನ್ನ ತೋರಿಸಿದ್ದೂ ಪೇನ್ ಅವರೇ, 1979ರಲ್ಲಿ. ಅಂದ್ರೆ ಬೇಟೆಗಾರ ಮಾಡೋ ಕೆಲಸವನ್ನ ಕೆಲವು ಕಡೆ ಅಲೆಯೇ ಮಾಡಿಬಿಡುತ್ತೆ. ಇಷ್ಟು ನೋಡಿ ಒದ್ದೆಯಾಗಿ ಕಾರಿಗೆ ಓಡಿದ್ವಿ.

ಆರನೇ ದಿನ: ಹೋ ಮಳೆಕಾಡು

ವರ್ಷಕ್ಕೆ ಮೂರೂವರೆ ಮೀಟರ್ ಮಳೆ ಬೀಳೋ ಕಾಡು. ಹಾಲ್ ಆಫ್ ಮಾಸಸ್ ಅನ್ನೋ ಒಂದೂಕಾಲು ಕಿಲೋಮೀಟರ್ ಸುತ್ತು ಮುಗಿಸೋಕೆ ನಮಗೆ ಮೂರೂವರೆ ಗಂಟೆ ಬೇಕಾಯ್ತು. ದೊಡ್ಡ ಎಲೆಯ ಮೇಪಲ್ ಮರಗಳ ಕೊಂಬೆಯಿಂದ ಪಾಚಿ, ಜರೀಗಿಡ ಪರದೆ ಥರ ಇಳಿಬಿದ್ದಿದೆ. ಇವು ಮರದ ಮೇಲೆ ಬೆಳೀತವೆ, ಮರದಿಂದ ಏನೂ ಕಿತ್ಕೊಳ್ಳಲ್ಲ ಅಂತ ನಾವು ಪಾಠ ಮಾಡ್ತೀವಿ. ನಳಿನಿ ನಾಡಕರ್ಣಿ, ಭಾರತದಿಂದ ಹೋದ ತಂದೆಯ ಮಗಳು, ಹಗ್ಗ ಹಾಕಿ ಈ ಮರಗಳ ನೆತ್ತಿ ಹತ್ತಿ ಆ ಪಾಚಿ ಹಾಸಿಗೆ ಎತ್ತಿ ನೋಡಿದ್ರೆ ಅಡಿಯಲ್ಲಿ ಮೇಪಲ್ ಮರದ್ದೇ ಬೇರು! ಕೊಂಬೆಯಿಂದ ಬೇರು ಬಿಟ್ಟು, ತನ್ನ ಮೇಲೆ ಕೂತವರು ವರ್ಷಗಟ್ಟಲೆ ಕಟ್ಟಿದ ಮಣ್ಣಿಂದ ಮರ ಸಾರ ಹೀರ್ತಾ ಇತ್ತು. 1981ರಲ್ಲಿ ಪ್ರಕಟ ಆಯ್ತು. ಕೊಂಬೆ ಕೆಳಗೆ ನಿಂತು ಮೇಲೆ ನೋಡ್ತಾ ಒಬ್ಬರಿಗೆ ಲಾಭ ಪ್ಲಸ್ಸು, ಇನ್ನೊಬ್ಬರಿಗೆ ಏನೂ ಇಲ್ಲ ಸೊನ್ನೆ ಅಂತ ನಾನು ಹಾಕೋ ಟೇಬಲ್ ನೆನಪಾಯ್ತು, ಅಲ್ಲಿ ಸೊನ್ನೆ ಹಾಕಿರೋ ಕಡೆಯೆಲ್ಲ ಯಾರಾದ್ರೂ ಒಂದ್ಸಲ ಹತ್ತಿ ನೋಡಬೇಕು.

ದಾರಿ ತಿರುವಲ್ಲಿ ಎಲ್ಕ್ ಹಿಂಡು ಸಿಕ್ತು, ರೂಸ್ವೆಲ್ಟ್ ಎಲ್ಕ್, ನಮ್ಮ ಕಡವೆಗಿಂತ ದೊಡ್ಡದು. 1909ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಈ ಪ್ರದೇಶವನ್ನ ರಕ್ಷಿಸಿದ್ದೇ ಇವುಗಳಿಗೋಸ್ಕರ, 1938ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು. ಕಾಡಿನ ನೆಲ ಎಷ್ಟು ಬಿಚ್ಚಿಕೊಂಡಿದೆ, ನಡೆಯೋಕೆ ಎಷ್ಟು ಹಿತವಾಗಿದೆ ಅಂತ ಎಲ್ಲರೂ ಫೋಟೋ ತೆಗೀತಾರೆ. ಆ ಹಿತ ಎಲ್ಕ್ ಹಲ್ಲಿಂದ ಬಂದಿದ್ದು. ಬೇಲಿ ಹಾಕಿ ಎಲ್ಕ್ ಬಾರದ ಹಾಗೆ ಮಾಡಿದ ಕಡೆ ಪೊದೆ ದಟ್ಟವಾಗಿ ಏಳುತ್ತೆ. ಬೆಶ್ಟಾ, ರಿಪಲ್ ಅನ್ನೋ ಇಬ್ಬರು ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2008ರಲ್ಲಿ ಬರೆದ್ರು: ತೋಳ ಹೋದ ಮೇಲೆ ನದೀ ದಡದಲ್ಲಿ ಎಳೇ ಮೇಪಲ್, ಕಾಟನ್‌ವುಡ್ ಎಲ್ಕ್ ಬಾಯಿಂದ ಉಳಿದು ಮರ ಆಗೋದು ತೀರಾ ಕಮ್ಮಿಯಾಗಿದೆ, ಬೇರಿನ ಹಿಡಿತ ಇಲ್ಲದೆ ದಡ ಕುಸಿದು ನದಿ ಅಗಲ ಆಗಿದೆ. ನದಿ ಬದಲಾಗೋಕೆ ಬೇರೆ ಕಾರಣಗಳೂ ಇರ್ತವೆ, ಎಲ್ಲಾನೂ ತೋಳದ ತಲೆಗೆ ಕಟ್ಟೋದು ನಂಗೆ ಒಪ್ಪಿಗೆ ಇಲ್ಲ. ಆದ್ರೆ ದಡದಲ್ಲಿ ನಾವು ನೋಡಿದ ಮೇಪಲ್‌ಗಳೆಲ್ಲ ಮುದುಕರೇ. ಮೊದಲನೇ ದಿನ ಬೆಟ್ಟದ ಮೇಲೆ ಕಾಣದೇ ಇದ್ದ ತೋಳ ಇಲ್ಲಿ ಕೆಳಗೂ ಸಿಕ್ತು.

ಕೊನೆಗೆ ನರ್ಸ್ ಲಾಗ್. ಸತ್ತು ಬಿದ್ದ ಮರದ ಬೆನ್ನ ಮೇಲೆ ಬೆರಳುದ್ದದ ಹೆಮ್‌ಲಾಕ್, ಸ್ಪ್ರೂಸ್ ಸಸಿಗಳ ಸಾಲು. ನೆಲ ಪೂರ್ತಿ ಪಾಚಿ, ಗಿಡಗಂಟೆ, ಬೀಜ ಮೊಳೆತ್ರೂ ಅವುಗಳ ಪೈಪೋಟೀಲಿ ಉಸಿರುಗಟ್ಟಿ ಸಾಯುತ್ತೆ, ದಿಮ್ಮಿ ಮೇಲೆ ಸ್ವಲ್ಪ ಎತ್ತರ, ಸ್ವಲ್ಪ ಬಿಡುವು. ಇಂಥ ಕಾಡುಗಳಲ್ಲಿ ಎಣಿಸಿದಾಗ ದಿಮ್ಮಿಗಳು ನೆಲದ ಶೇಕಡ 6ರಿಂದ 11 ಮಾತ್ರ ಇದ್ವು, ಮರದ ಸಸಿಗಳಲ್ಲಿ ಶೇಕಡ 94ರಿಂದ 98 ಅವುಗಳ ಮೇಲೇ ಇದ್ವು. ಒಂದು ಮರ ನಿಂತಾಗ ಸುತ್ತ ಯಾರಿಗೂ ಬಿಸಿಲು ಬಿಡಲ್ಲ, ಬಿದ್ದ ಮೇಲೆ ಅದೇ ತೊಟ್ಟಿಲು.

ದಾರಿ ಮುಗಿಯೋ ಹತ್ರ ನಾಲ್ಕೈದು ದೈತ್ಯ ಸ್ಪ್ರೂಸ್‌ಗಳು ನೂಲು ಹಿಡಿದ ಹಾಗೆ ನೇರ ಸಾಲಲ್ಲಿ ನಿಂತಿದ್ವು, ಯಾರೋ ನೆಟ್ಟಿದಾರೆ ಅನ್ಕೊಂಡ ತಮ್ಮ. ಹತ್ರ ಹೋಗಿ ನೋಡಿದ್ರೆ ಬೇರುಗಳು ನೆಲದಿಂದ ಎತ್ತರಕ್ಕೆ ಕಾಲು ಅಗಲಿಸಿ ನಿಂತಿದಾವೆ, ನಡುವೆ ಗುಂಡಗೆ ಖಾಲಿ, ಒಂದು ಮರದಿಂದ ಇನ್ನೊಂದರ ಕೆಳಗೆ ಸುರಂಗದ ಹಾಗೆ ಹಾದು ಹೋಗಿದೆ. ಅವು ಹುಟ್ಟಿದ ದಿಮ್ಮಿ ಪೂರ್ತಿ ಕೊಳೆತು ಮಣ್ಣಾಗಿದೆ, ಅದರ ಅಳತೆ ಮಾತ್ರ ಬೇರುಗಳಲ್ಲಿ ಹಾಗೇ ಉಳಿದಿದೆ. ತಮ್ಮ ಬಗ್ಗಿ ಆ ಖಾಲಿ ಜಾಗದೊಳಗೆ ಕೈ ಚಾಚಿ, "ಇಷ್ಟು ದಪ್ಪ ಇತ್ತು ಅಕ್ಕ" ಅಂತ ಎರಡೂ ಕೈ ಅಗಲಿಸಿ ತೋರಿಸ್ದ.